ಗೋಡೆಯ ಮೇಲೆ ಸತ್ತ ಹಾಸು

ಬೆಟ್ಟದೂರು ಅತ್-ಬಾಶಿಯಲ್ಲಿ ಬೆಳಕು ಹರಿಯುವ ಮೊದಲೇ ಜೂರಕಾನ್ ಮೊಣಕಾಲೂರಿ ಕೂತಾಗಿದೆ. ಮುಂದೆ ಒಂದರ ಮೇಲೊಂದು ಕೆಂಪು, ಬಿಳಿ ಉಣ್ಣೆಯ ಪದರ. ಚೂರಿ ಎರಡನ್ನೂ ಒಟ್ಟಿಗೇ ಸೀಳುತ್ತದೆ. ಕೆಂಪಿನಿಂದ ಕತ್ತರಿಸಿದ ಟಗರುಕೊಂಬಿನ ಚಿತ್ತಾರ ಬಿಳಿಯ ತೂತಿಗೆ ಕೂರುತ್ತದೆ, ಬಿಳಿಯದು ಕೆಂಪಿನ ತೂತಿಗೆ. ಶಿರ್ದಾಕ್ ಹಾಸು ಹುಟ್ಟುವುದೇ ಅವಳಿಯಾಗಿ. ಒಂದು ಮಾರಾಟಕ್ಕೆ, ಒಂದು ಮನೆಗೆ.

ಒಂದೊಂದು ಹಾಸಿನ ಹಿಂದೆ ಐದು ಕುರಿಯ ಉಣ್ಣೆ, ನಾಲ್ಕು ತಿಂಗಳ ಹೊಲಿಗೆ. ಬಿಸಿನೀರು ಸುರಿದು ಉಣ್ಣೆ ತುಳಿದೂ ತುಳಿದೂ ಅರವತ್ತಮೂರರ ಈಕೆಯ ಮಂಡಿಗಳು ಸವೆದಿವೆ. ರಾಜಧಾನಿ ಬಿಶ್ಕೆಕ್‌ನ ಮನೆಗಳು ಚಂದ ಕಂಡರೆ ಹೆಸರು ಅಲಂಕಾರ ಮಾಡಿದವರಿಗೆ; ಮಂಡಿನೋವು ಮಾತ್ರ ಈಕೆಗೆ.

ಸಿರಿವಂತರ ಮನೆ ಸಿಂಗರಿಸಿಕೊಡುವ ಮೀರಿಮ್ ಅಂಥವಳೇ. ಎರಡು ವರ್ಷದ ಹಿಂದೆ ಒಯ್ದ ಹಾಸನ್ನು ಸುತ್ತಿಕೊಂಡು ಇವತ್ತು ಬಂದಿದ್ದಾಳೆ. ಈ ಊರಿನ ಉಣ್ಣೆ ಕೆಟ್ಟದ್ದೆಂದು ಆಗಲೇ ಇಬ್ಬರು ಗಿರಾಕಿಗಳಿಗೆ ಫೋನಿನಲ್ಲಿ ಹೇಳಿಯಾಗಿದೆ. ಅವರು ಹಾಸು ಬೇಡವೆಂದದ್ದಕ್ಕೆ ಕೇರಿಯ ಆರು ಹೆಂಗಸರ ಕೆಲಸ ನಿಂತಿದೆ.

"ನೋಡಿ ಅಕ್ಕ, ಒಂದು ಕಾಲೂ ಇಟ್ಟಿಲ್ಲ. ಗೋಡೆಗೇ ಹಾಕ್ಸಿದ್ದೆ. ಆದ್ರೂ ನುಸಿ ತಿಂದು ಜರಡಿ ಆಗಿದೆ."

"ಯಾಕೆ, ಗೋಡೆಗೆ ಚಳಿ ಆಗ್ತಿತ್ತಾ?" ನೆರೆಮನೆಯ ಸೈರಾಗುಲ್ ಕಿಸಕ್ಕೆಂದು ನಗುತ್ತಾಳೆ.

ಜೂರಕಾನ್ ಅಡುಗೆಮನೆಯ ಗಿಡ್ಡ ಮೇಜು ಸರಿಸಿ, ಅದೇ ಹಾಸಿನ ಅವಳಿಯನ್ನು ಎಳೆದು ತರುತ್ತಾಳೆ. ರೊಟ್ಟಿಯ ಪುಡಿ, ಚಹಾದ ಕಲೆ. ತೂತು ಒಂದೂ ಇಲ್ಲ. ಪಕ್ಕದಲ್ಲಿ ಹಾಸಿದರೆ ಇದರ ಕೊಂಬು ಅದರ ಬಳುಕಿಗೆ ಅಚ್ಚೊತ್ತಿದಂತೆ ಹೊಂದುತ್ತದೆ.

"ಒಂದೇ ಉಣ್ಣೆ, ಒಂದೇ ದಿನ, ಒಂದೇ ಚೂರಿ. ಇದರ ಮೇಲೆ ಒಂಬತ್ತು ಜನ ಓಡಾಡ್ತೀವಿ. ಹಿಮ ಬಿದ್ರೆ ಹೊರಗೆ ಮಗುಚಿ ಬಡೀತೀವಿ. ನುಸಿಗೂ ಮೊಟ್ಟೆ ಇಡೋಕೆ ಪುರುಸೊತ್ತು ಬೇಕಲ್ಲಮ್ಮ. ಅದನ್ನ ಕೊಟ್ಟೋರು ನೀವು."

ಚಂದದ್ದನ್ನು ಮುಟ್ಟದಿರುವುದೇ ಅದಕ್ಕೆ ಮರ್ಯಾದೆ ಎಂದು ಕಲಿಸಿದವರು ಯಾರು? ಬಳಸದೆ ಕೊಳೆಸಿ, ಕೊಳೆತದ್ದಕ್ಕೆ ಮಾಡಿದವಳನ್ನು ದೂರುವ ಈ ನಯದ ಅನ್ಯಾಯಕ್ಕೆ ಅಭಿರುಚಿ ಎಂಬ ಹೆಸರು ಬೇರೆ!

ಮೀರಿಮ್ ಬಗ್ಗಿ ಎರಡು ಹಾಸುಗಳ ಅಂಚನ್ನೂ ಬೆರಳಲ್ಲಿ ತಡಕುತ್ತಾಳೆ. ಮುಖ ಕೆಂಪಾಗಿದೆ. "ಉಣ್ಣೆದೇನೂ ತಪ್ಪಿಲ್ಲ ಅಂತ ಆ ಇಬ್ರು ಗಿರಾಕಿಗಳಿಗೂ ಈಗಲೇ ಮೆಸೇಜ್ ಹಾಕ್ತೀನಿ, ಅಕ್ಕ."

ಬೇರೇನು ಬೇಕು ಎಂದು ಅವಳು ಕೇಳುವ ಮೊದಲೇ ಜೂರಕಾನ್ ಚಹಾ ಬಗ್ಗಿಸುತ್ತ ತನಗೆ ಬೇಕಾದ್ದನ್ನು ಹೇಳುತ್ತಾಳೆ:

"ಮೆಸೇಜ್ ಬೇಡ ಮಗಳೇ. ಅವತ್ತು ಫೋನ್ ಮಾಡಿ ಬಾಯಲ್ಲಿ ತಾನೆ ಅಂದಿದ್ದು? ಇವತ್ತೂ ಬಾಯಲ್ಲೇ ಅನ್ನು. ನಾನು ಇಲ್ಲೇ ಕೂತು ಕೇಳಿಸ್ಕೋತೀನಿ."