ರಿಜಿಸ್ಟರಿನಲ್ಲಿ ಇಲ್ಲದ ಹೆಸರು

ಮುರುಗೇಶಪ್ಪ ನಗರ್ತಪೇಟೆಯ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದರು. ೧೯೯೯ರಲ್ಲಿ, ಹನುಮಂತನಗರದಲ್ಲಿ ಅವರು ಬಾಡಿಗೆಗಿದ್ದ ಪುಟ್ಟ ಮನೆಯನ್ನು ಓನರ್ ಮಾರಲು ಹೊರಟಾಗ, ಬ್ಯಾಂಕ್ ಸಾಲ ಮಾಡಿ ತಾವೇ ಕೊಳ್ಳೋಣವೆಂದುಕೊಂಡರು. ಸೋಮವಾರ ಮ್ಯಾನೇಜರನ್ನು ಕಾಣಬೇಕಿತ್ತು. ಹೆಂಡತಿ ಗಿರಿಜಾಂಬಾ ಪಾಸ್‌ಬುಕ್, ರೇಷನ್ ಕಾರ್ಡು, ಮನೆಪತ್ರದ ಜೆರಾಕ್ಸ್ ಎಲ್ಲವನ್ನೂ ಫೈಲಿಗೆ ಸೇರಿಸಿದರು. ಮ್ಯಾನೇಜರ್ ಕೇಳಬಹುದಾದ ಪ್ರಶ್ನೆಗಳನ್ನು ತಾವೇ ಕೇಳಿ ಗಂಡನಿಂದ ಉತ್ತರ ಹೇಳಿಸಿದರು. ಸಂಬಳದ ಸರ್ಟಿಫಿಕೇಟ್ ಒಂದು ಉಳಿದಿತ್ತು.

ಶನಿವಾರ ಮುರುಗೇಶಪ್ಪ ಅದನ್ನು ಅಂಗಡಿಯ ಯಜಮಾನರ ಬಳಿ ಕೇಳಿದರು.

"ನಿಮ್ಮ ಹೆಸರು ರಿಜಿಸ್ಟರಲ್ಲೇ ಇಲ್ವಲ್ಲ ಮುರುಗೇಶಪ್ಪ. ಬರ್ಕೊಟ್ರೆ ನಾಳೆ ಪಿ.ಎಫ್. ಆಫೀಸಿನವ್ರು ನನ್ನ ಹಿಡ್ಕೋತಾರೆ."

"ಇಪ್ಪತ್ತೆರಡು ವರ್ಷ ಆಯ್ತು ಯಜಮಾನ್ರೇ."

"ಅದು ನಂಗೂ ಗೊತ್ತು," ಎಂದು ಅವರು ಫೋನ್ ಎತ್ತಿಕೊಂಡರು.

ವಿಷಯ ತಿಳಿದ ಗಿರಿಜಾಂಬಾ, "ಹೋಗಿ ನಿಜಾನೇ ಹೇಳೋಣ ನಡೀರಿ," ಎಂದರು. ಸೋಮವಾರ ಇಬ್ಬರೂ ಹೋದರು. ಮ್ಯಾನೇಜರ್ ಒಳ್ಳೆಯವರು. ಕಾಫಿ ತರಿಸಿ, ಒಂದೊಂದು ಕಾಗದವನ್ನೂ ಓದಿ, "ಸಂಬಳಕ್ಕೆ ದಾಖಲೆ ಇಲ್ದೆ ಆಗಲ್ಲಮ್ಮ," ಎಂದು ಫೈಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

ಹೊರಗೆ ಬಂದ ಮೇಲೆ ಮುರುಗೇಶಪ್ಪ ಕೇಳಿದರು: "ಹಾಗಾದ್ರೆ ನಾನು ಇಷ್ಟು ವರ್ಷ ಎಲ್ಲಿದ್ದೆ ಗಿರಿಜಾ?"

ಬೀದಿಯಲ್ಲಿ ಎಂದೂ ಗಂಡನ ಕೈ ಹಿಡಿಯದಿದ್ದ ಗಿರಿಜಾಂಬಾ ಅವತ್ತು ಬಸ್‌ಸ್ಟಾಪಿನವರೆಗೂ ಹಿಡಿದುಕೊಂಡೇ ನಡೆದರು.

ಆಷಾಢ ಕಳೆದ ಮೇಲೆ ಅವರು ಮನೆ ಖಾಲಿ ಮಾಡಿದರು. ಐವತ್ತು ದಾಟಿದವರಿಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಮುರುಗೇಶಪ್ಪ ಅದೇ ಅಂಗಡಿಗೆ ಹೋಗುತ್ತಲೇ ಇದ್ದರು.