ಬಚ್ಚಲೊಲೆಯ ಮೇಲೆ ಇಟ್ಟ ಡಬ್ಬಿ

ರೀ, ನಿಮ್ಮ ಕರೆಂಟಿನ ಡಬ್ಬಿ ಕೆಡಿಸಿದವಳು ನಾನು. ಕೆಡಿಸಿದ್ದಾದರೂ ಹೋಗಲಿ — ನೀವು ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ ನೀವು ಗಿಟಾರು ಮುಟ್ಟಲಿಲ್ಲ. ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ನೆನೆಯಲು ನನಗೆ ಇಷ್ಟ. ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ನೀವು ರೈಟರು. ಹಗಲೆಲ್ಲ ಆಳುಗಳ ಹಾಜರಿ, ಪಾರ್ಚ್‌ಮೆಂಟ್ ಕಾಫಿ ಚೀಲಗಳ ಲೆಕ್ಕ. ಸಂಜೆಯಾದರೆ ನನ್ನ ಅಡುಗೆಮನೆಯ ಮೇಜಿನ ಮೇಲೆ ಬೆಸುಗೆಯ ಹೊಗೆ. ಗಿಟಾರಿನ ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಡಲುಗಳನ್ನು ನೀವೇ ಮಾಡುತ್ತಿದ್ದಿರಿ. ನನ್ನ ಎರಡು ಟಿಫಿನ್ ಡಬ್ಬಿ ಅದಕ್ಕೇ ಹೋದವು, ಬೈದೂ ಬೈದೂ ಸಾಕಾಯಿತು. ಬ್ಯಾಟರಿ ಹಾಕಿದರೆ ಪೆಡಲು ಸುಮ್ಮನಿರುತ್ತಿತ್ತು, ಅಡಾಪ್ಟರ್ ಚುಚ್ಚಿದೊಡನೆ ಗುಂಯ್ ಎನ್ನುತ್ತಿತ್ತು. ಕೊನೆಗೆ ಅಡಾಪ್ಟರಿಗೂ ಪೆಡಲಿಗೂ ನಡುವೆ ಒಂದು ಪುಟ್ಟ ಡಬ್ಬಿ ಮಾಡಿದಿರಿ. ಅದರೊಳಗೆ ದಪ್ಪನೆಯ ಕೆಪ್ಯಾಸಿಟರ್.

“ಇದು ಹಂಡೆ ಇದ್ದಂಗೆ ಮಾರಾಯ್ತಿ. ನಲ್ಲೀಲಿ ನೀರು ತಡ್ದು ತಡ್ದು ಬಂದ್ರೂ ಹಂಡೆಯಿಂದ ಸಮವಾಗಿ ಬರತ್ತೆ” ಎಂದಿರಿ. ಆಮೇಲೆ ನನ್ನನ್ನು ಆಂಪ್ಲಿಫೈಯರಿನ ಮುಂದೆ ಕೂರಿಸಿ, “ಕೇಳು” ಎಂದಿರಿ.

“ಏನೂ ಕೇಳಲ್ವಲ್ರೀ.”

“ಹಾಂ, ಅದನ್ನೇ ಕೇಳು!”

ಅಷ್ಟು ಖುಷಿ ನಿಮ್ಮ ಮುಖದಲ್ಲಿ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಮಳೆಗಾಲ ಬಂತು. ಬೂಷ್ಟು ಹಿಡಿಯುವುದನ್ನೆಲ್ಲ ಬಚ್ಚಲೊಲೆಯ ಮೇಲಿನ ಹಲಗೆಗೆ ಏರಿಸುವುದು ನಮ್ಮ ಕಡೆಯ ರೂಢಿ — ಬೆಂಕಿಪೊಟ್ಟಣ, ಹಪ್ಪಳ, ಮಗಳ ಶೂ. ನಿಮ್ಮ ಡಬ್ಬಿಯನ್ನೂ ಇಟ್ಟೆ. ಬಿಸಿ ತಾಗಿದರೆ ಕೆಪ್ಯಾಸಿಟರಿನ ಒಳಗಿನ ರಸ ಒಣಗುತ್ತದೆ ಎಂದು ನೀವು ಹೇಳಿದ್ದಿರಿ. ಕೇಳಿದ್ದೆ, ಆದರೆ... ಹೆಂಡತಿ ಕೇಳುವ ಹಾಗೆ ಕೇಳಿದ್ದೆ.

ಮಾಲೀಕರ ಮಗಳ ಆರತಕ್ಷತೆಯಲ್ಲಿ ನೀವು ಗಿಟಾರು ನುಡಿಸಬೇಕಿದ್ದ ದಿನ ಅದನ್ನು ಇಳಿಸಿ, ಒರೆಸಿ ನಿಮ್ಮ ಚೀಲಕ್ಕೆ ಹಾಕಿದವಳೂ ನಾನೇ. ನೀವು ಬ್ಯಾಟರಿಯನ್ನು ಮನೆಯಲ್ಲೇ ಬಿಟ್ಟು ಹೊರಟಿರಿ, ಅಷ್ಟು ನಂಬಿಕೆ. ವೇದಿಕೆಯ ಮೇಲೆ ಪೆಡಲು ಒತ್ತಿದಿರಿ — ಗುಂಯ್. ವೈರು ಬದಲಿಸಿದರೂ ಅದೇ. “ರೈಟ್ರೇ, ಡಬ್ಬಿಯೊಳ್ಗೆ ಜೇನು ಕಟ್ಟಿದ್ಯಾ?” ಎಂದು ಯಾರೋ ಕೂಗಿದರು, ಚಪ್ಪರವೆಲ್ಲ ನಕ್ಕಿತು. ನೀವೂ ನಕ್ಕಿರಿ. ಕಿವಿ ಮಾತ್ರ ಕೆಂಪಗಾಗಿತ್ತು.

ಮರುದಿನ ಡಬ್ಬಿ ಬಿಚ್ಚಿದಿರಿ. ಕೆಪ್ಯಾಸಿಟರಿನ ನೆತ್ತಿ ಉಬ್ಬಿತ್ತು. “ಎಲ್ಲಿಟ್ಟಿದ್ದೆ ಇದನ್ನ?” ಎಂದು ಮೆತ್ತಗೆ ಕೇಳಿದಿರಿ.

“ಬೀರುವಲ್ಲೇ” ಎಂದೆ.

“ಹಂಗಾದ್ರೆ ನಾನು ಮಾಡಿದ್ದೇ ಸರಿ ಇಲ್ಲ ಬಿಡು.”

ಆಗಲೇ ಹೇಳಬಹುದಿತ್ತು — ಹೇಳಲಿಲ್ಲ. ನಿಮಗೆ ನೋವಾದೀತೆಂದು ಸುಮ್ಮನಿದ್ದೆ ಅಂದರೆ ಅದೂ ಸುಳ್ಳು. ನಿಮ್ಮನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದವಳು ನಾನು ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು, ಅಷ್ಟೆ. ಬೆಸುಗೆ ಕಡ್ಡಿಯನ್ನು ನೀವು ಯಾರಿಗೋ ಕೊಟ್ಟುಬಿಟ್ಟಾಗಲೂ ನಾನು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ.

ಹೋದ ವಾರ ಕಳಸದಿಂದ ಒಬ್ಬ ಹುಡುಗಿ ಗಿಟಾರು ಹೊತ್ತು ಬಂದಳಲ್ಲ, “ಅಂಕಲ್, ಈ ಗುಂಯ್ ಅನ್ನೋದು ನಿಲ್ಲೋ ಥರ ಒಂದು ಡಬ್ಬಿ ಮಾಡ್ಕೊಡಿ” ಎಂದು. “ಅದು ನನ್ನ ಕೈಗೆ ಹತ್ತಲಿಲ್ಲಮ್ಮ” ಎಂದು ನೀವು ಕಳಿಸಿಬಿಟ್ಟಿರಿ. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ನಾಚಿಕೆಯಾಯಿತು. ನಿಮ್ಮ ಕೈಗೆ ಹತ್ತಿತ್ತು. ನಾನು ಕೇಳಿದ್ದೇನೆ.

ಇವತ್ತು ನೀವು ಎಸ್ಟೇಟಿನಿಂದ ಬಂದೊಡನೆ ಇದೆಲ್ಲ ಹೇಳುತ್ತೇನೆ. ಬೈದರೆ ಬೈಯಿರಿ, ಮಾತು ಬಿಟ್ಟರೆ ಬಿಡಿ. ಆದರೆ ನೀವು ಬೈಯುವುದಿಲ್ಲ, ನನಗೆ ಗೊತ್ತು — “ಹೋಗ್ಲಿ ಬಿಡು ಮಾರಾಯ್ತಿ” ಎಂದು ನಕ್ಕುಬಿಡುತ್ತೀರಿ. ಅದೊಂದು ಮಾತ್ರ ಮಾಡಬೇಡಿ. ಒಂದು ಸಲವಾದರೂ ನನ್ನ ಮೇಲೆ ಸಿಟ್ಟಾಗಿ.