ಮೂರನೇ ಕಬ್ಬು

ನನ್ನ ಗಂಡ ಮತ್ತು ನನ್ನ ಅಣ್ಣ ಮೆಕ್ಸಿಕೋಗೆ ಮೀನು ಹಿಡಿಯಲು ಹೋಗುವುದೆಂದು ತೀರ್ಮಾನವಾದದ್ದು ಮೇಲೂರಿನ ಕೆರೆ ಏರಿಯ ಮೇಲೆ, ಮೂರು ಗಂಟೆ ಗಾಳ ಹಾಕಿ ಕೂತರೂ ಎರಡೇ ಎರಡು ಜಿಲೇಬಿ ಬಿದ್ದ ಒಂದು ಭಾನುವಾರ. ಜಿಲೇಬಿ ಅಂದರೆ ತಿನ್ನುವ ಜಿಲೇಬಿಯಲ್ಲ, ಅಂಗೈ ಅಗಲದ, ಮುಳ್ಳೇ ಹೆಚ್ಚಾದ ಕೆರೆಮೀನು. ಎರಡನ್ನೂ ಬೆಕ್ಕಿಗೆ ಹಾಕಿ ಮನೆಗೆ ಬಂದವರು ಕಾಫಿಗೂ ಮೊದಲು ಅಟ್ಲಾಸ್ ಇದೆಯಾ ಎಂದು ಕೇಳಿದರು.

ಅಣ್ಣ ಮೇಲೂರಿನಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದಾನೆ. ನನ್ನ ಗಂಡ ಚಿಂತಾಮಣಿ ಕಡೆಯವರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಇವರಿಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುವುದರಿಂದ ಪಕ್ಕದ ಕೋಣೆಯಲ್ಲಿ ಕೂತು ಕೇಳಿದರೆ ಒಬ್ಬನೇ ಮನುಷ್ಯ ತನ್ನೊಡನೆ ತಾನೇ ಜಗಳವಾಡುತ್ತಿರುವಂತೆ ಅನ್ನಿಸುತ್ತದೆ. ಬೆಂಗಳೂರಿನಿಂದ ಪೈಪಿನಲ್ಲಿ ನೀರು ಬಂದು ನಮ್ಮ ಕಡೆಯ ಕೆರೆಗಳು ತುಂಬಿದ ಮೇಲೆ ಇವರ ಮೀನಿನ ಹುಚ್ಚು ಮತ್ತೆ ಕೆರಳಿತು. ಪ್ರತಿ ಭಾನುವಾರ ನಾವು ಗಂಡ ಹೆಂಡತಿ ಮೇಲೂರಿಗೆ ಹೋಗುತ್ತೇವೆ. ಅವರು ಕೆರೆಗೆ, ನಾನು ಅತ್ತಿಗೆಯ ಅಡುಗೆಮನೆಗೆ.

ಮೆಕ್ಸಿಕೋ ಹೊಳೆದದ್ದು ಅಣ್ಣನಿಗೆ. ಫೋನಿನಲ್ಲಿ ಯಾರೋ ದಪ್ಪಗಿನ ಮನುಷ್ಯ ತನಗಿಂತ ಉದ್ದದ ಮೀನನ್ನು ತಬ್ಬಿಕೊಂಡು ನಿಂತಿದ್ದ. ಊರಿನ ಹೆಸರು ಲಾ ಪಾಸ್.

"ಹೆಸ್ರಲ್ಲೇ ಪಾಸ್ ಅಂತ ಐತೆ ಬಾವ, ಫೇಲ್ ಆಗೋ ಮಾತೇ ಇಲ್ಲ," ಎಂದರು ನಮ್ಮ ಯಜಮಾನರು.

"ಮಂಗಳೂರಲ್ಲೂ ಸಮುದ್ರ ಐತಲ್ಲ," ಎಂದೆ ನಾನು.

"ಅಲ್ಲಿಗೆ ಎಲ್ರೂ ಹೋಗ್ತಾರೆ ಕಣಮ್ಮ," ಎಂದ ಅಣ್ಣ, ಮಂಗಳೂರಿಗೆ ಹೋಗಿ ಹೋಗಿ ಬೇಸರ ಬಂದವನ ಹಾಗೆ. ಅವನು ಸಮುದ್ರ ನೋಡಿದ್ದು ಒಂದೇ ಸಲ, ತಿರುಪತಿಗೆ ಹೋದವರು ತಪ್ಪು ಬಸ್ಸು ಹತ್ತಿ ಮದ್ರಾಸಿಗೆ ಹೋದಾಗ.

ಇಲ್ಲಿ ಒಂದು ಹಳೆಯ ಲೆಕ್ಕವನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಯಾಕೆ ಆ ತಿಂಗಳೆಲ್ಲ ಸಿಡುಕುತ್ತಿದ್ದೆ ಎನ್ನುವುದು ಅರ್ಥವಾಗುವುದಿಲ್ಲ. ನನಗೆ ಹನ್ನೆರಡು ವರ್ಷ, ಅಣ್ಣನಿಗೆ ಹದಿನೈದು. ಹೆಣ್ಣುಮಕ್ಕಳು ಕೆರೆ ಏರಿ ಹತ್ತಬಾರದೆಂದು ಅಪ್ಪನ ಕಟ್ಟಪ್ಪಣೆ. ಅಪ್ಪ ಸಂತೆಗೆ ಹೋದ ದಿನ ನಾನು ಅಣ್ಣನ ಬೆನ್ನು ಹತ್ತಿ ಹೋದೆ. ಅವನು ಗಾಳ ಹಾಕಿ ಹೊಂಗೆಮರದ ಕೆಳಗೆ ಬಾಯಿ ತೆರೆದು ಮಲಗಿಬಿಟ್ಟ. ಬೆಂಡು ಮುಳುಗಿತು, ಕಡ್ಡಿ ಬಾಗಿತು, ನಾನು ಎಳೆದೆ. ಮೊಣಕಾಲವರೆಗೆ ಕೆಸರಿನಲ್ಲಿ ಹೂತುಕೊಂಡು, ಅಂಗೈ ಕೊಯ್ದುಕೊಂಡು, ಬಿಡದೆ ಎಳೆದೆ. ಬಂದದ್ದು ಕಾಟ್ಲಾ, ನನ್ನ ತೊಡೆಯಷ್ಟು ದಪ್ಪ. ಅಣ್ಣ ಎದ್ದಾಗ ಮೀನು ದಡದಲ್ಲಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮೀನಿನ ತಲೆ, ಆ ಮೀನು ಹಿಡಿದವರ ತಟ್ಟೆಗೆ. ಅಪ್ಪ ಹಿಡಿದರೆ ಅಪ್ಪನಿಗೆ, ಮಾವ ಹಿಡಿದರೆ ಮಾವನಿಗೆ. ಅವತ್ತು ಯಾರು ಹಿಡಿದದ್ದು ಎಂದು ಅಪ್ಪ ಕೇಳಿದ. "ನಾನು," ಎಂದ ಅಣ್ಣ. ತಲೆ ಅವನ ತಟ್ಟೆಗೆ ಹೋಯಿತು. ಬಾಲದ ತುಂಡು ನನಗೆ ಬಂತು. ನನ್ನ ಎದುರಿಗೇ ಕೂತು ಅವನು ಆ ತಲೆಯನ್ನು ಒಂದೊಂದೇ ಎಲುಬು ಚೀಪಿ ತಿಂದ.

ಆ ಮೀನು ಸತ್ತಮೇಲೂ ಬೆಳೆಯಿತು. ಹಿಡಿದ ದಿನ ನಾಲ್ಕು ಕೆಜಿ ಇದ್ದದ್ದು ನನ್ನ ಮದುವೆಯ ಹೊತ್ತಿಗೆ ಏಳು ಕೆಜಿಯಾಯಿತು, ಅವನ ಮಗಳ ಮದುವೆಯಲ್ಲಿ ಹನ್ನೆರಡು. ಗೌರಿಬಿದನೂರಿನ ಬೀಗರು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಪ್ರತಿ ಸಲವೂ ಅಲ್ಲೇ ಇದ್ದೆ, ಬಡಿಸುತ್ತಾ. ಏನೂ ಹೇಳಲಿಲ್ಲ. ಮೊದಮೊದಲು ಅಪ್ಪನ ಭಯ. ಅಪ್ಪ ಹೋದಮೇಲೆ, ಅಷ್ಟು ಜನರ ಮುಂದೆ ಅಣ್ಣನ ಮುಖ ಇಳಿಯುವುದನ್ನು ನೋಡಲು ಮನಸ್ಸಾಗಲಿಲ್ಲ. ಆದರೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಇಂಥವಳ ಎದುರಿಗೆ ಇವರು ತಮ್ಮಿಬ್ಬರಿಗೇ ಅಂತ ಪ್ರಯಾಣ ಹೂಡಿದರು. ಪಾಸ್‌ಪೋರ್ಟ್ ಅರ್ಜಿ ತುಂಬಿದವಳು ನಾನು. ವಿಚಾರಣೆಗೆ ಬಂದ ಪೊಲೀಸಿನವನಿಗೆ ಕಾಫಿ ಕೊಟ್ಟವಳು ನಾನು. "ಮೀನು ಹಿಡಿಯಕ್ಕೆ ಪಾಸ್‌ಪೋರ್ಟ್ ಯಾಕೆ ಸಾರ್, ಇಲ್ಲೇ ಕೆರೆ ಐತಲ್ಲ," ಎಂದು ಆತ ಕೇಳಿದ್ದಕ್ಕೆ ನಮ್ಮವರು ಅಟ್ಲಾಸ್ ತೆರೆದು ಇಪ್ಪತ್ತು ನಿಮಿಷ ವಿವರಿಸಿದರು. ಆತ ಎರಡನೇ ಕಾಫಿ ಕುಡಿದು ಹೋದ.

ಅಣ್ಣನ ದೊಡ್ಡ ನಂಬಿಕೆ ಹುಳದ ಮೇಲೆ. ನೂಲು ತೆಗೆದಾದ ಮೇಲೆ ಗೂಡಿನೊಳಗೆ ಬೆಂದ ಹುಳ ಉಳಿಯುತ್ತದೆ. ಅದನ್ನು ಗಾಳಕ್ಕೆ ಚುಚ್ಚಿದರೆ ನಮ್ಮ ಕೆರೆಯ ಮೀನು ಬಿಡುವುದಿಲ್ಲ. "ಮೆಕ್ಸಿಕೋ ಮೀನು ಇದನ್ನ ಜನ್ಮದಲ್ಲಿ ತಿಂದಿರಲ್ಲ. ಒಂದು ಸಲ ರುಚಿ ಹತ್ತಲಿ, ನೋಡು," ಎನ್ನುತ್ತಾ ಐದು ಸೇರು ಹುಳವನ್ನು ಮಹಡಿ ಮೇಲೆ ಒಣಗಿಸಿದ. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರು ಪುಣ್ಯವಂತರು. ನಮ್ಮವರು ಮಾದರಿಗೆ ಅಂತ ಒಂದು ಡಬ್ಬಿ ತಂದು ನನ್ನ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಟ್ಟರು. ಡಬ್ಬಿಯನ್ನೂ ಹಿಟ್ಟನ್ನೂ ಒಟ್ಟಿಗೇ ಬೀದಿಗೆ ಸುರಿದೆ.

ಮೀನು ಹಿಡಿಯುವವರನ್ನು ಸಮುದ್ರಕ್ಕೆ ಕರೆದೊಯ್ಯುವ ಲಾ ಪಾಸ್‌ನ ಒಬ್ಬ ದೋಣಿಯವನನ್ನು ಅಣ್ಣ ಫೋನಿನಲ್ಲೇ ಹುಡುಕಿದ್ದ, ಅವನಿಗೆ ಪತ್ರ ಬರೆಯುವ ಕೆಲಸವೂ ನನ್ನದೇ. ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಅವನು ತನ್ನ ಸ್ಪ್ಯಾನಿಷಿನಲ್ಲಿ ಉತ್ತರಿಸುತ್ತಿದ್ದ, ನಮ್ಮವರು ಅದನ್ನು ಫೋನಿಗೆ ಹಾಕಿ ಕನ್ನಡ ಮಾಡಿಸಿ, ವಾರ್ತೆ ಓದುವವರ ಗತ್ತಿನಲ್ಲಿ ಓದುತ್ತಿದ್ದರು. ಒಂದು ಭಾನುವಾರ ಮೇಲೂರಿನ ಹಜಾರದಲ್ಲಿ ಓದಿದ್ದು ಹೀಗಿತ್ತು:

"ನನ್ನ ದೋಣಿಯಲ್ಲಿ ಮೂರು ಕಬ್ಬುಗಳಿವೆ. ಪ್ರತಿ ವ್ಯಕ್ತಿಗೆ ಒಂದು ಕಬ್ಬು. ದಯವಿಟ್ಟು ಕಬ್ಬನ್ನು ಬಲವಾಗಿ ಹಿಡಿಯಿರಿ. ಕಳೆದ ವಾರ ಮೀನು ಒಬ್ಬ ಮಹನೀಯರ ಕಬ್ಬನ್ನು ತೆಗೆದುಕೊಂಡು ಹೋಯಿತು. ಇಬ್ಬರಾದರೂ ಮೂವರಾದರೂ ದೋಣಿ ಅದೇ."

ನಮ್ಮವರು ಅದನ್ನು ಮೊದಲಿನಿಂದ ಇನ್ನೊಮ್ಮೆ ಓದಿಕೊಂಡರು.

"ಅದೇಂಟಿ ಬಾವ, ಕಬ್ಬು?" ಎಂದರು ನಮ್ಮವರು. ಗಾಬರಿಯಾದರೆ ಅವರ ಬಾಯಲ್ಲಿ ಚಿಂತಾಮಣಿಯ ತೆಲುಗು ಬಂದುಬಿಡುತ್ತದೆ.

ಅಣ್ಣ ಗಲ್ಲ ಕೆರೆದುಕೊಂಡ. "ಅಲ್ಲಿ ಮೀನಿಗೆ ಕಬ್ಬು ಹಾಕ್ತಾರೆ ಅಂತ ಕಾಣುತ್ತೆ. ದೊಡ್ಡ ಮೀನಲ್ವಾ, ಹುಳ ಎಲ್ಲಿಗೆ ಸಾಕಾಗ್ತದೆ."

ನನಗೆ ಅನುಮಾನ ಬಂದು ಮನೆಗೆ ಹೋದಮೇಲೆ ಆ ಸ್ಪ್ಯಾನಿಷ್ ಪದವನ್ನು ಹುಡುಕಿ ನೋಡಿದೆ. ಅವರ ಭಾಷೆಯಲ್ಲಿ ಕಬ್ಬಿಗೂ ಗಾಳದ ಕಡ್ಡಿಗೂ ಒಂದೇ ಪದ. ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಶಿಡ್ಲಘಟ್ಟದಿಂದ ಎರಡು ಜಲ್ಲೆ ಕಬ್ಬು ತಂದು, ಗೆಣ್ಣು ಗೆಣ್ಣು ಕತ್ತರಿಸಿ, ಗಾಳಕ್ಕೆ ಕಟ್ಟಿ ಕೆರೆಗೆ ಬಿಟ್ಟರು. ಕುರಿ ಮೇಯಿಸುವವರು, ಬಟ್ಟೆ ಒಗೆಯುವವರು, ಬಸ್ಸಿಗೆ ಕಾಯುವವರು ಎಲ್ಲರೂ ಏರಿಯ ಮೇಲೆ ಸಾಲಾಗಿ ನಿಂತು ನೋಡಿದರಂತೆ. ಮೀನು ಮೂಸಿಯೂ ನೋಡಲಿಲ್ಲ. ಮಧ್ಯಾಹ್ನ ಉಳಿದ ಕಬ್ಬು ಜಗಿಯುತ್ತಾ ಬಂದರು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೆರಗು ಬಾಯಿಗೆ ತುರುಕಿ ನಕ್ಕೆ. ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು. ಊಟವಾದ ಮೇಲೆ ಅರ್ಥ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆಸರು ಮಾತ್ರ ಹಾಗೇ ಉಳಿಯಿತು. ಗಾಳದ ಕಡ್ಡಿಗೆ ನಮ್ಮ ಮನೆಯಲ್ಲಿ ಇವತ್ತಿಗೂ ಕಬ್ಬು ಎನ್ನುತ್ತೇವೆ.

ಆದರೆ ನಗು ಅಲ್ಲಿಗೆ ಮುಗಿಯಿತು. ಮೂರನೇ ಕಬ್ಬು ಖಾಲಿ ಇದೆಯಲ್ಲ, ಅದಕ್ಕೆ ಯಾರು ಎಂದು ಚರ್ಚೆ ಶುರುವಾಯಿತು. ದನದ ಆಸ್ಪತ್ರೆಯ ಕಾಂಪೌಂಡರ್ ಆಗಬಹುದು, ಆದರೆ ಗೊರಕೆ. ಮಟನ್ ಅಂಗಡಿಯವನು ಆಗಬಹುದು, ಆದರೆ ಭಾನುವಾರ ಅಂಗಡಿ ಬಿಡುವುದಿಲ್ಲ. ಮಂಡಿಕಲ್ಲಿನ ಹಳೆಯ ಲೈನ್‌ಮನ್ ಒಬ್ಬರ ಹೆಸರು ಬಂತು. ಅವರಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ, ಇನ್ನು ದೋಣಿಯಲ್ಲಿ ಏನು ಗತಿ ಎಂದು ಅದನ್ನೂ ಕೈಬಿಟ್ಟರು. ನಾನು ಮೂರು ಅಡಿ ದೂರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ನನ್ನ ಕಡೆ ಇಬ್ಬರಲ್ಲಿ ಒಬ್ಬರೂ ತಿರುಗಲಿಲ್ಲ. ಕರೆದರೆ ಹೋಗುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಒಂದು ಸಲ ಕರೆಯಲಿ ಎಂದು ಆಸೆ ಇತ್ತು.

ದೋಣಿಯವನು ಒಂದು ಅರ್ಜಿ ಕಳಿಸಿದ್ದ. ಹೆಸರು, ವಯಸ್ಸು, ಈಜು ಬರುತ್ತದೆಯೇ, ನಿಮ್ಮಲ್ಲಿ ಅತಿ ದೊಡ್ಡ ಮೀನು ಹಿಡಿದವರು ಯಾರು, ಎಷ್ಟು ತೂಕ. ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಅಣ್ಣ ಹಿಂದೆ ಕೈ ಕಟ್ಟಿಕೊಂಡು ಓಡಾಡುತ್ತಾ ಹೇಳಿದ.

"ನನ್ನ ಹೆಸ್ರು ಹಾಕು. ಮೇಲೂರು ಕೆರೆ, ಕಾಟ್ಲಾ. ಹದಿನಾರು ಕೆಜಿ."

"ಹೋದ ವರ್ಷ ಹನ್ನೆರಡಿತ್ತು," ಎಂದೆ.

"ಅವರು ಹೊರದೇಶದವರು ಕಣಮ್ಮ. ಹನ್ನೆರಡು ಅಂದ್ರೆ ಲೆಕ್ಕಕ್ಕೇ ತಗೊಳ್ಳಲ್ಲ."

ಹಿಡಿದವಳು ನೀನು ಎನ್ನುವ ಒಂದು ಮಾತು ಬಾಯಿ ತಪ್ಪಿಯಾದರೂ ಬರಲಿ ಎಂದು ಅವನ ಮುಖ ನೋಡಿದೆ. ಅವನು ನನ್ನನ್ನು ನೋಡದೆ ಕಿಟಕಿ ನೋಡಿದ. ಆಗ ನನಗೆ ರೇಗಿತು. ಟೈಪು ಮಾಡಿದೆ: 'ಅತಿ ದೊಡ್ಡ ಮೀನು ಹಿಡಿದವಳು ಈ ಪತ್ರ ಬರೆಯುತ್ತಿರುವವಳು. ನಾಲ್ಕು ಕೆಜಿ. ಆಗ ನನಗೆ ಹನ್ನೆರಡು ವರ್ಷ. ಈ ಇಬ್ಬರಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು, ಇನ್ನೊಬ್ಬರ ಪರಿಚಯ ಆಗ ನನಗಿರಲಿಲ್ಲ. ಬೆಂದು ಒಣಗಿದ ರೇಷ್ಮೆಹುಳ ತರಬಹುದೇ?' ಕಳಿಸಿಬಿಟ್ಟೆ. "ಹಾಕಿದ್ಯಾ?" ಎಂದ ಅಣ್ಣ. "ಹಾಕಿದೆ," ಎಂದೆ.

ಉತ್ತರ ಬಂದದ್ದು ಮುಂದಿನ ಭಾನುವಾರ, ಊಟಕ್ಕೆ ಕೂತಾಗ. ಅವತ್ತು ಅಣ್ಣನಿಗೆ ನಿಜವಾಗಿಯೂ ಒಂದು ಕಾಟ್ಲಾ ಬಿದ್ದಿತ್ತು, ಎರಡು ಕೆಜಿಯದು. ಬೆಳಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಅತ್ತಿಗೆ ಸಾರು ತಂದಿಟ್ಟರು. ನಮ್ಮವರು ಕನ್ನಡಕ ಹಾಕಿಕೊಂಡು, ಫೋನು ದೂರ ಹಿಡಿದು, ಮುಂದೇನಿದೆ ಎಂದು ನೋಡದೆ ಗಟ್ಟಿಯಾಗಿ ಓದಲು ಶುರುಮಾಡಿದರು.

"ದೊಡ್ಡ ಮೀನಿನ ಮಹಿಳೆಗೆ ನಮಸ್ಕಾರ. ಹನ್ನೆರಡು ವರ್ಷದ ಹುಡುಗಿಗೆ ನಾಲ್ಕು ಕೆಜಿ ಬಹಳ. ಮೂರನೇ ಕಬ್ಬು ನಿಮ್ಮದು. ನಿದ್ರಿಸಿದ ಮಹನೀಯರಿಗೆ ದೋಣಿಯಲ್ಲಿ ಹಾಸಿಗೆ ಇಲ್ಲ. ಹುಳುಗಳನ್ನು ಮನೆಯಲ್ಲಿ ಬಿಡಿ."

ಓದಿ ಮುಗಿಸಿದ ಮೇಲೆ ಅವರಿಗೆ ಅರ್ಥವಾಯಿತು. ನಿಧಾನವಾಗಿ ಕನ್ನಡಕ ತೆಗೆದರು. ಮೂವತ್ತು ವರ್ಷದಿಂದ ಆ ಕಥೆ ಕೇಳುತ್ತಾ ಬಂದಿದ್ದ ಅತ್ತಿಗೆ ಸೌಟು ಹಿಡಿದುಕೊಂಡೇ ನಿಂತರು.

"ಅಂದ್ರೆ, ಆ ಹನ್ನೆರಡು ಕೆಜಿ ಮೀನು?" ಎಂದು ಅಣ್ಣನನ್ನು ಕೇಳಿದರು.

"ನಾಲ್ಕು," ಎಂದ ಅಣ್ಣ, ತಟ್ಟೆ ನೋಡುತ್ತಾ. ನನ್ನ ಕಡೆ ತಿರುಗಿದ. "ಅವತ್ತು ಹಿಡಿದಿದ್ದು ನೀನು ಅಂದಿದ್ರೆ ಅಪ್ಪ ನಿನ್ನ ಕಾಲು ಮುರೀತಿದ್ದ. ಅದಕ್ಕೇ ನಾನು ಅಂದೆ."

"ಅವತ್ತಿಗೆ ಸರಿ," ಎಂದೆ. "ಆಮೇಲೆ?"

"ಆಮೇಲೆ ನಂಗೇ ಇಷ್ಟ ಆಗೋಯ್ತು ಕಣಮ್ಮ. ಎಲ್ರೂ ಹಂಗೆ ಕೇಳೋರು. ಬಿಡಕ್ಕೆ ಮನಸ್ಸು ಬರಲಿಲ್ಲ."

ನಲವತ್ತು ವರ್ಷದಿಂದ ನಾನು ಕಟ್ಟಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಅವನು ಹೀಗೆ ಒಪ್ಪಿಕೊಂಡುಬಿಟ್ಟರೆ ಅವನ್ನು ಎಲ್ಲಿ ಉಪಯೋಗಿಸುವುದು ಎಂದು ಗೊತ್ತಾಗಲಿಲ್ಲ. ಅತ್ತಿಗೆ ಪದ್ಧತಿಯ ಪ್ರಕಾರ ಮೀನಿನ ತಲೆಯನ್ನು ಅಣ್ಣನ ತಟ್ಟೆಗೆ ಹಾಕಿದರು. ಅವತ್ತು ಅದು ನ್ಯಾಯವಾಗಿ ಅವನದೇ. ಅವನು ಎರಡೂ ಕೈಯಿಂದ ಅದನ್ನೆತ್ತಿ, ಸಾರು ಸೋರುತ್ತಿದ್ದರೂ ಲೆಕ್ಕಿಸದೆ, ನನ್ನ ತಟ್ಟೆಗೆ ಇಟ್ಟ.

"ತಿನ್ನು," ಎಂದ. "ಆರಿಹೋಗ್ತದೆ."

"ಮುಂದಿನ ವಾರ ನಿನ್ನ ಫೋಟೋ ತೆಗೆಸಬೇಕು, ಪಾಸ್‌ಪೋರ್ಟಿಗೆ," ಎಂದರು ನಮ್ಮವರು, ಇದು ತಮಗೆ ಮೊದಲೇ ಹೊಳೆದಿತ್ತು ಎನ್ನುವ ಧ್ವನಿಯಲ್ಲಿ.

ಅತ್ತಿಗೆಯ ಸಾರಿನಲ್ಲಿ ತಪ್ಪು ಹುಡುಕದೆ ನಾನು ಆ ಮನೆಯಲ್ಲಿ ಒಂದು ದಿನವೂ ಊಟ ಮಾಡಿದವಳಲ್ಲ. ಅವತ್ತು ಉಪ್ಪು ನಿಜವಾಗಿಯೂ ಕಡಿಮೆಯಿತ್ತು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ, ಒಂದೊಂದೇ ಎಲುಬು ಚೀಪಿ, ಪೂರ್ತಿ ತಿಂದೆ. ಯಾರಿಗೂ ಒಂದು ಚೂರು ಕೊಡಲಿಲ್ಲ.